ಹಳೆಯ ಯಂತ್ರಕ್ಕೆ ಹೊಸ ದಾರಿ: ಸಂಘದ ಗೇಟ್‌ವೇ ಪೆಟ್ಟಿಗೆಯನ್ನು ನಡೆಸುವ ಬಗೆ

(ಸದಸ್ಯರ ಶಿಕ್ಷಣ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಹಸಿರು ಮೇವು, ಕೆಚ್ಚಲು ಬಾವು, ಕರುಗಳ ಪಾಲನೆ ಮುಂತಾದ ವಿಷಯಗಳನ್ನು ತಾವು ಇಂತಹ ಶಿಬಿರಗಳಲ್ಲಿ ಹಲವು ಬಾರಿ ಕೇಳಿದ್ದೀರಿ. ಇಂದಿನ ವಿಷಯ ಕೊಟ್ಟಿಗೆಯದಲ್ಲ. ತಾವು ತಂದ ಹಾಲನ್ನು ಸಂಘದಲ್ಲಿ ಅಳತೆ ಮಾಡಿದ ಮೇಲೆ ಆ ಲೆಕ್ಕ ಒಕ್ಕೂಟದವರೆಗೆ ಹೇಗೆ ಹೋಗುತ್ತದೆ, ದಾರಿಯಲ್ಲಿ ಎಲ್ಲಿ ಕೆಡಬಹುದು, ಕೆಡದಂತೆ ಯಾರು ನೋಡಿಕೊಳ್ಳಬೇಕು ಎಂಬುದು ಇಂದಿನ ವಿಷಯ. ತಮ್ಮ ಬಟವಾಡೆ ನಿಂತಿರುವುದು ಈ ಲೆಕ್ಕದ ಮೇಲೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭವಾಗಿ ಮುಂದೆ ಹೆಚ್ಚುತ್ತ ಬಂದ ಸರ್ಕಾರದ ಪ್ರೋತ್ಸಾಹಧನಕ್ಕೂ ಹಾಲಿನ ಲೆಕ್ಕವೇ ಆಧಾರ. ಆದ್ದರಿಂದ ಇದು ಕಂಪ್ಯೂಟರ್ ಬಲ್ಲವರ ವಿಷಯ, ನಮಗೇಕೆ ಎಂದು ದಯವಿಟ್ಟು ಭಾವಿಸಬೇಡಿ.

ಎಸೆಯಬೇಕೇ, ಉಳಿಸಿಕೊಳ್ಳಬೇಕೇ?

ಹಿಂದೆ ಸಂಘದಲ್ಲಿ ಆಮ್ಲ ಬೆರೆಸಿ, ಗಾಜಿನ ಬ್ಯುಟಿರೋಮೀಟರನ್ನು ತಿರುಗಿಸಿ ಜಿಡ್ಡು ನೋಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಸ್ವಿಟ್ಜರ್‌ಲೆಂಡಿನ ಗರ್ಬರ್ ಎಂಬವರು 19ನೇ ಶತಮಾನದ ಕೊನೆಯಲ್ಲಿ ರೂಪಿಸಿದ ಆ ವಿಧಾನದ ಜಾಗಕ್ಕೆ ಇಂದು ಹೆಚ್ಚಿನ ಕಡೆ ವಿದ್ಯುನ್ಮಾನ ಯಂತ್ರ ಬಂದಿದೆ. ತೂಕದ ಯಂತ್ರವೂ ವಿದ್ಯುನ್ಮಾನವೇ. ಎರಡನ್ನೂ ಕೂಡಿಸಿ ಚೀಟಿ ಮುದ್ರಿಸುವ ವ್ಯವಸ್ಥೆಯನ್ನು ನಾವು ಎಎಂಸಿಯು ಎಂದು ಕರೆಯುತ್ತೇವೆ.

ಈ ಯಂತ್ರಗಳಲ್ಲಿ ಹಲವು ತಮ್ಮ ಕೆಲಸವನ್ನು ಈಗಲೂ ಚೆನ್ನಾಗಿಯೇ ಮಾಡುತ್ತಿವೆ. ಅವುಗಳ ಕೊರತೆ ಒಂದೇ: ಅವು ಅಂತರ್ಜಾಲವನ್ನು ಅರಿಯವು. ಹೀಗಾಗಿ ಕೆಲವು ಕಡೆ ಕಾರ್ಯದರ್ಶಿಗಳು ರಾತ್ರಿ ಕುಳಿತು ಪ್ರತಿಯೊಬ್ಬ ಸದಸ್ಯರ ಲೀಟರು, ಜಿಡ್ಡು, ಎಸ್‌ಎನ್‌ಎಫ್ ಅಂಕಿಗಳನ್ನು ಕೈಯಿಂದ ಕಂಪ್ಯೂಟರಿಗೆ ಏರಿಸುತ್ತಾರೆ. 200 ಸದಸ್ಯರು, ಎರಡು ಹೊತ್ತು, ತಲಾ ಮೂರು ಅಂಕಿ ಎಂದರೆ ದಿನಕ್ಕೆ 1,200 ಅಂಕಿ. ಎಷ್ಟೇ ಪ್ರಾಮಾಣಿಕರಾದರೂ ಕಣ್ಣು ದಣಿದಾಗ 4.1 ಎಂಬುದು 1.4 ಆಗುವುದು ಸಹಜ.

ಇದಕ್ಕೆ ಎರಡು ಪರಿಹಾರಗಳಿವೆ. ಒಂದು, ಸರಿಯಾಗಿರುವ ಯಂತ್ರವನ್ನು ಮೂಲೆಗಿಟ್ಟು ಹೊಸದನ್ನು ಕೊಳ್ಳುವುದು. ಇನ್ನೊಂದು, ಹಳೆಯ ಯಂತ್ರ ಮತ್ತು ಅಂತರ್ಜಾಲದ ನಡುವೆ ಒಂದು ಸಣ್ಣ ಪೆಟ್ಟಿಗೆ ಇಡುವುದು. ಆ ಪೆಟ್ಟಿಗೆಯೇ ಗೇಟ್‌ವೇ. ಎರಡನೆಯದು ಅಗ್ಗ, ಆದರೆ ಅದನ್ನು ಇಟ್ಟು ಮರೆಯುವಂತಿಲ್ಲ. ಪಂಪ್‌ಸೆಟ್ಟಿನಂತೆ ಅದನ್ನೂ ನಡೆಸುವವರು ಒಬ್ಬರು ಬೇಕು. ನನ್ನ ಮಾತಿನ ಸಾರಾಂಶ ಇಷ್ಟೇ. ಉಳಿದದ್ದು ಅದರ ವಿವರಣೆ.

ಯಂತ್ರ ಆಡುವ ಭಾಷೆ

ಹಾಲು ಪರೀಕ್ಷಾ ಯಂತ್ರದ ಹಿಂದೆ 9 ಸೂಜಿಗಳ ಒಂದು ಕಿಂಡಿ ಇರುವುದನ್ನು ತಾವು ನೋಡಿರಬಹುದು. ಅದರ ಹಿಂದಿನ ಪದ್ಧತಿಗೆ ಆರ್‌ಎಸ್-232 ಎಂದು ಹೆಸರು. ಇದನ್ನು ಅಮೆರಿಕದಲ್ಲಿ 1960ರಲ್ಲಿ ಗೊತ್ತುಪಡಿಸಿದರು. ಇದು ಬೇಲಿಯ ಆಚೆ ಒಬ್ಬರು, ಈಚೆ ಒಬ್ಬರು ನಿಂತು ಮಾತಾಡಿದಂತೆ. ಇರುವುದು ಇಬ್ಬರೇ ಆದ್ದರಿಂದ ಹೆಸರು ಕರೆಯುವ, ವಿಳಾಸ ಹೇಳುವ ಅಗತ್ಯವಿಲ್ಲ. ತಂತಿ ಸುಮಾರು 15 ಮೀಟರ್ ಮೀರಬಾರದು ಎಂಬುದು ರೂಢಿ. ಮಾತಾಡುವ ವೇಗವನ್ನು ಎರಡೂ ಕಡೆ ಒಂದೇ ಇಡಬೇಕು. ಇಲ್ಲವಾದರೆ ಅಂಕಿಗಳ ಬದಲು ಅರ್ಥವಿಲ್ಲದ ಗೀಚು ಬರುತ್ತದೆ.

ವೇಗ ಕಡಿಮೆಯಲ್ಲವೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಸಾಮಾನ್ಯವಾಗಿ ಬಳಸುವ 9600 ವೇಗದಲ್ಲಿ ಸೆಕೆಂಡಿಗೆ ಸುಮಾರು 960 ಅಕ್ಷರ ಸಾಗುತ್ತವೆ. ಒಬ್ಬ ಸದಸ್ಯರ ಒಂದು ಹೊತ್ತಿನ ಲೆಕ್ಕಕ್ಕೆ 60 ಅಕ್ಷರ ಸಾಕು ಎಂದುಕೊಂಡರೆ, 200 ಸದಸ್ಯರ ಲೆಕ್ಕ 13 ಸೆಕೆಂಡಿನೊಳಗೆ ಮುಗಿಯುತ್ತದೆ. ಹಳೆಯ ತಂತಿಯ ವೇಗ ನಮ್ಮ ಕೆಲಸಕ್ಕೆ ಧಾರಾಳ.

ಬಿಎಂಸಿ, ಅಂದರೆ ಬಲ್ಕ್ ಮಿಲ್ಕ್ ಕೂಲರ್ ಇರುವ ಸಂಘಗಳಲ್ಲಿ ಇನ್ನೊಂದು ಭಾಷೆಯೂ ಕೇಳಿಬರುತ್ತದೆ. ಕೂಲರಿನ ನಿಯಂತ್ರಣ ಪೆಟ್ಟಿಗೆ, ಕರೆಂಟಿನ ಮೀಟರು ಇವು ಸಾಮಾನ್ಯವಾಗಿ ಮಾಡ್‌ಬಸ್ ಎಂಬ ಪದ್ಧತಿಯಲ್ಲಿ ಮಾತಾಡುತ್ತವೆ. ಇದು 1979ರಲ್ಲಿ ಕಾರ್ಖಾನೆಗಳಿಗಾಗಿ ಹುಟ್ಟಿದ ಪದ್ಧತಿ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗುವುದಕ್ಕೆ ಇದನ್ನು ಹೋಲಿಸಬಹುದು. ಒಂದೇ ತಂತಿಯ ಮೇಲಿರುವ ಯಂತ್ರಗಳಿಗೆ 1ರಿಂದ 247ರವರೆಗೆ ಸಂಖ್ಯೆ ಕೊಡಬಹುದು. ಕೂಗಿದ ಸಂಖ್ಯೆಯ ಯಂತ್ರ ಮಾತ್ರ ಉತ್ತರ ಕೊಡಬೇಕು. ಕೇಳದೆ ಯಾವುದೂ ಬಾಯಿ ಬಿಡುವಂತಿಲ್ಲ.

ಗೇಟ್‌ವೇ ಮಾಡುವ ಕೆಲಸ

ಅಂತರ್ಜಾಲದ ಕ್ರಮ ಬೇರೆ. ಅದು ಅಂಚೆ ಇಲಾಖೆಯಂತೆ. ಪ್ರತಿಯೊಂದು ಸಂದೇಶವೂ ಲಕೋಟೆಯೊಳಗಿರಬೇಕು. ಲಕೋಟೆಯ ಮೇಲೆ ಕಳಿಸುವವರ ವಿಳಾಸ, ಸೇರಬೇಕಾದವರ ವಿಳಾಸ ಎರಡೂ ಇರಬೇಕು. ಈ ಕ್ರಮಕ್ಕೆ ಇಂಟರ್‌ನೆಟ್ ಪ್ರೊಟೊಕಾಲ್, ಚಿಕ್ಕದಾಗಿ ಐಪಿ ಎನ್ನುತ್ತಾರೆ. ಬೇಲಿಯ ಬಳಿ ಮಾತಾಡಿ ಅಭ್ಯಾಸವಾದ ನಮ್ಮ ಯಂತ್ರಕ್ಕೆ ವಿಳಾಸ ಬರೆಯಲು ಬಾರದು. ಗೇಟ್‌ವೇ ಪೆಟ್ಟಿಗೆ ಒಂದು ಕಿವಿಯಿಂದ ಯಂತ್ರದ ಮಾತು ಕೇಳಿ, ಅದಕ್ಕೆ ಸಂಘದ ಸಂಖ್ಯೆ, ದಿನಾಂಕ, ಹೊತ್ತು, ಕ್ರಮಸಂಖ್ಯೆ ಸೇರಿಸಿ, ಲಕೋಟೆಗೆ ಹಾಕಿ, ಬೀಗ ಮುದ್ರೆ ಒತ್ತಿ ಒಕ್ಕೂಟದ ವಿಳಾಸಕ್ಕೆ ಕಳಿಸುತ್ತದೆ.

ಕೋಲಾರ ಸೀಮೆಯ ಸಂತೆಯಲ್ಲಿ ಹಸು ಕೊಳ್ಳುವವರಿಗೆ ಕನ್ನಡ ಮಾತ್ರ, ಮಾರುವವರಿಗೆ ತೆಲುಗು ಮಾತ್ರ ಬರುತ್ತದೆ ಎಂದಿಟ್ಟುಕೊಳ್ಳಿ. ನಡುವೆ ನಿಂತು ಮಾತು ದಾಟಿಸುವವರು ಬೆಲೆಯನ್ನು ಕೂಡಿಸಲೂ ಬಾರದು, ಕಳೆಯಲೂ ಬಾರದು. ಗೇಟ್‌ವೇಯ ಧರ್ಮವೂ ಇದೇ.

ಇದು ಇತ್ತೀಚಿನ ವಿಚಾರವೇನೂ ಅಲ್ಲ. ಅಂತರ್ಜಾಲದ ತಳಪಾಯ ಹಾಕಿದ ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಪ್ರಕಟಿಸಿದ ಲೇಖನದಲ್ಲಿಯೇ ಬೇರೆ ಬೇರೆ ಜಾಲಗಳ ನಡುವೆ ಗೇಟ್‌ವೇ ಇರಬೇಕೆಂದು ಹೇಳಿದ್ದರು. 1980ರ ದಶಕದಲ್ಲಿ ಆಪಲ್ ಕಂಪನಿಯ ಮ್ಯಾಕಿಂಟಾಷ್ ಕಂಪ್ಯೂಟರುಗಳು ಆಪಲ್‌ಟಾಕ್ ಎಂಬ ತಮ್ಮದೇ ಭಾಷೆ ಆಡುತ್ತಿದ್ದವು; ಅವುಗಳನ್ನು ಅಂತರ್ಜಾಲಕ್ಕೆ ಕೂಡಿಸಲು ನಡುವೆ ಗೇಟ್‌ವೇ ಇಡುತ್ತಿದ್ದರು. 2009ರಲ್ಲಿ ಆಪಲ್ ತನ್ನ ಹೊಸ ಆವೃತ್ತಿಯಿಂದ ಆ ಭಾಷೆಯನ್ನೇ ಕೈಬಿಟ್ಟಿತು. ಆದರೂ ಹಳೆಯ ಮ್ಯಾಕಿಂಟಾಷ್ ಇಟ್ಟುಕೊಂಡ ಆಸಕ್ತರು ಒಂದು ಸಣ್ಣ ಕಂಪ್ಯೂಟರನ್ನು ಗೇಟ್‌ವೇ ಮಾಡಿಕೊಂಡು ಇಂದಿಗೂ ಅವನ್ನು ಅಂತರ್ಜಾಲಕ್ಕೆ ಕೂಡಿಸುತ್ತಿದ್ದಾರೆ. ತಯಾರಕರು ಕೈಬಿಟ್ಟರೂ, ನಡುವಿನ ಪೆಟ್ಟಿಗೆಯನ್ನು ನಡೆಸುವವರಿರುವ ತನಕ ಯಂತ್ರ ಉಪಯೋಗಕ್ಕೆ ಬರುತ್ತದೆ.

ಅಂಕಿಯ ಅರ್ಥ ಕೆಡಬಾರದು

ಇನ್ನು ತೊಂದರೆಗಳ ವಿಷಯಕ್ಕೆ ಬರೋಣ. ಮೊದಲನೆಯದು ಅಂಕಿಯ ಅರ್ಥ. ಮಾಡ್‌ಬಸ್ ಪದ್ಧತಿಯಲ್ಲಿ ಒಂದೊಂದು ಅಂಕಿಗೂ ಒಂದು ಪೂರ್ಣಸಂಖ್ಯೆಯ ಖಾನೆ ಇರುತ್ತದೆ. ಅಲ್ಲಿ ದಶಮಾಂಶದ ಚುಕ್ಕೆಗೆ ಜಾಗವಿಲ್ಲ. ಕೂಲರಿನಲ್ಲಿ ಹಾಲು 4.2 ಡಿಗ್ರಿ ಇದ್ದರೆ ಯಂತ್ರ 42 ಎಂದು ಹೇಳುತ್ತದೆ. ಇದನ್ನು ಹತ್ತರಿಂದ ಭಾಗಿಸಬೇಕೆಂದು ಗೇಟ್‌ವೇಗೆ ಮೊದಲೇ ತಿಳಿಸಿರಬೇಕು. ಇಲ್ಲವಾದರೆ ತಣ್ಣನೆಯ ಹಾಲು ಒಕ್ಕೂಟದ ಪರದೆಯ ಮೇಲೆ 42 ಡಿಗ್ರಿ ಬಿಸಿಯಾಗಿ ಕಾಣುತ್ತದೆ.

ಇಂತಹ ದೊಡ್ಡ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ. ಸಣ್ಣ ತಪ್ಪೇ ಅಪಾಯಕಾರಿ. ತೂಕದ ಯಂತ್ರ ಕಿಲೋಗ್ರಾಂ ತೋರಿಸುತ್ತದೆಯೋ, ಲೀಟರು ತೋರಿಸುತ್ತದೆಯೋ? ಒಂದು ಲೀಟರು ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಯಂತ್ರವೇ ಲೀಟರಿಗೆ ಪರಿವರ್ತಿಸಿ ಕೊಟ್ಟ ಅಂಕಿಯನ್ನು ಕಿಲೋ ಎಂದು ತಿಳಿದು ಗೇಟ್‌ವೇ ಮತ್ತೊಮ್ಮೆ 1.03ರಿಂದ ಭಾಗಿಸಿದರೆ ಏನಾಗುತ್ತದೆ? ದಿನಕ್ಕೆ 10 ಲೀಟರು ಹಾಕುವ ಸದಸ್ಯರ ತಿಂಗಳ 300 ಲೀಟರು 291 ಆಗುತ್ತದೆ. ಒಂಬತ್ತು ಲೀಟರು ಎಲ್ಲಿಯೂ ಚೆಲ್ಲದೆ, ಯಾರೂ ಕದಿಯದೆ ಮಾಯವಾಗುತ್ತದೆ! ಇದೇ ತಪ್ಪು ಎದುರು ದಿಕ್ಕಿನಲ್ಲಿ ಆಗಿ ಕಿಲೋವನ್ನೇ ಲೀಟರೆಂದು ಬರೆದರೆ, ನಷ್ಟ ಎಲ್ಲ ಸದಸ್ಯರಿಗೂ ಸೇರಿದ ಸಂಘದ್ದು.

ಆದ್ದರಿಂದ ಗೇಟ್‌ವೇ ಅಳವಡಿಸಿದ ದಿನ, ಯಂತ್ರ ರಿಪೇರಿಯಾದ ದಿನ, ಯಂತ್ರ ಬದಲಾದ ದಿನ ಕನಿಷ್ಠ ಹತ್ತು ಸದಸ್ಯರ ಚೀಟಿಗಳನ್ನು ಒಕ್ಕೂಟದಲ್ಲಿ ಕಾಣುವ ಅಂಕಿಗಳೊಡನೆ ಸಾಲು ಸಾಲಾಗಿ ತಾಳೆ ನೋಡಬೇಕು. ಸದಸ್ಯರ ಎದುರಿಗೇ ನೋಡಿದರೆ ಇನ್ನೂ ಒಳ್ಳೆಯದು.

ಗಡಿಯಾರ ತಪ್ಪಬಾರದು

ಎರಡನೆಯದು ಗಡಿಯಾರ. ಪೆಟ್ಟಿಗೆಯೊಳಗೆ ನಾಣ್ಯದಾಕಾರದ ಬ್ಯಾಟರಿ ಇರುತ್ತದೆ. ಅದು ಸತ್ತರೆ, ಕರೆಂಟು ಹೋಗಿ ಬಂದಾಗ ಪೆಟ್ಟಿಗೆಯ ದಿನಾಂಕ 1970ನೇ ಇಸವಿ ಜನವರಿ 1ಕ್ಕೆ ಹೋಗಿ ನಿಲ್ಲಬಹುದು. ಏಕೆಂದರೆ ಅನೇಕ ಕಂಪ್ಯೂಟರುಗಳು ಕಾಲವನ್ನು ಎಣಿಸಲು ಆರಂಭಿಸುವುದೇ ಆ ದಿನದಿಂದ.

ಇನ್ನೂ ಸೂಕ್ಷ್ಮವಾದ ಒಂದು ತಪ್ಪಿದೆ. ಭಾರತದ ಸಮಯ ಗ್ರೀನಿಚ್ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದು. ಪೆಟ್ಟಿಗೆಯನ್ನು ಗ್ರೀನಿಚ್ ಸಮಯದಲ್ಲಿಯೇ ಬಿಟ್ಟು, ಒಕ್ಕೂಟದ ಕಡೆ ಅದನ್ನು ಭಾರತದ ಸಮಯವೆಂದು ಓದಿಕೊಂಡರೆ, ಬೆಳಿಗ್ಗೆ 5-15ಕ್ಕೆ ಹಾಲು ಹಾಕಿದವರ ಲೆಕ್ಕ ಹಿಂದಿನ ದಿನದ ರಾತ್ರಿ 11-45ಕ್ಕೆ ಬೀಳುತ್ತದೆ. 5-30ರ ನಂತರ ಬಂದವರ ಲೆಕ್ಕ ಮಾತ್ರ ಇಂದಿನ ದಿನಾಂಕಕ್ಕೆ ಸೇರುತ್ತದೆ. ಒಂದೇ ಸಾಲಿನಲ್ಲಿ ನಿಂತ ಮುಂದಿನವರು ನಿನ್ನೆಗೆ, ಹಿಂದಿನವರು ಇಂದಿಗೆ! ಬಟವಾಡೆಯ ಅವಧಿ ಬದಲಾಗುವ ದಿನವಂತೂ ಈ ಗೊಂದಲ ಜಗಳಕ್ಕೇ ದಾರಿ. ಪೆಟ್ಟಿಗೆ ದಿನಕ್ಕೊಮ್ಮೆಯಾದರೂ ಅಂತರ್ಜಾಲದಿಂದ ಸರಿಯಾದ ಸಮಯ ಪಡೆಯುವಂತೆಯೂ, ಭಾರತದ ಸಮಯವನ್ನೇ ಬರೆಯುವಂತೆಯೂ ಏರ್ಪಾಡು ಮಾಡಿಸಬೇಕು.

ಕರೆಂಟು ಹೋದಾಗ, ಸಿಗ್ನಲ್ ಇಲ್ಲದಾಗ

ಮೂರನೆಯದು ನಮ್ಮ ಹಳ್ಳಿಗಳ ನಿತ್ಯದ ತೊಂದರೆ. ಹಾಲು ಹಾಕುವ ಹೊತ್ತಿಗೇ ಕರೆಂಟು ಹೋಗುತ್ತದೆ, ಮೊಬೈಲ್ ಸಿಗ್ನಲ್ ಕೈಕೊಡುತ್ತದೆ. ಒಳ್ಳೆಯ ಗೇಟ್‌ವೇ ಲೆಕ್ಕವನ್ನು ಮೊದಲು ತನ್ನಲ್ಲಿ ಬರೆದಿಟ್ಟುಕೊಂಡು ಆಮೇಲೆ ಕಳಿಸುತ್ತದೆ. ಇದಕ್ಕೆ ದೊಡ್ಡ ಜಾಗವೇನೂ ಬೇಡ. 200 ಸದಸ್ಯರು, ಎರಡು ಹೊತ್ತು, 365 ದಿನ ಎಂದರೆ ವರ್ಷಕ್ಕೆ 1,46,000 ಸಾಲು. ಸಾಲಿಗೆ 100 ಅಕ್ಷರ ಎಂದರೂ 15 ಮೆಗಾಬೈಟ್ ದಾಟುವುದಿಲ್ಲ. ಇಂದಿನ ಅತಿ ಸಣ್ಣ ಮೆಮೊರಿ ಕಾರ್ಡಿನಲ್ಲಿಯೂ ಹತ್ತಾರು ವರ್ಷಗಳ ಲೆಕ್ಕ ಹಿಡಿಯುತ್ತದೆ. ಜಾಗವಿಲ್ಲದೆ ಹಳೆಯ ಲೆಕ್ಕ ಅಳಿಸಿದೆವು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಕಳಿಸಿದ ಲಕೋಟೆ ಒಕ್ಕೂಟಕ್ಕೆ ಸೇರಿ, ಸೇರಿತೆಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಬಹುದು. ಆಗ ಗೇಟ್‌ವೇ ಅದೇ ಲೆಕ್ಕವನ್ನು ಮತ್ತೆ ಕಳಿಸುತ್ತದೆ. ಒಂದೇ ಹಾಲು ಎರಡು ಸಲ ಲೆಕ್ಕಕ್ಕೆ ಬಂದರೆ ಇಂದು ಸಂತೋಷ, ನಾಳೆ ಬಟವಾಡೆಯಲ್ಲಿ ಕಡಿತ. ಇದನ್ನು ತಡೆಯುವುದಕ್ಕೇ ಪ್ರತಿ ಸಾಲಿಗೂ ಕ್ರಮಸಂಖ್ಯೆ ಹಾಕುವುದು. ಅದೇ ಸಂಖ್ಯೆ ಮತ್ತೆ ಬಂದರೆ ಒಕ್ಕೂಟದ ಕಂಪ್ಯೂಟರು ಅದನ್ನು ಬಿಟ್ಟುಬಿಡಬೇಕು. ನಡುವೆ ಸಂಖ್ಯೆ ತಪ್ಪಿದ್ದರೆ ಅಲ್ಲಿ ಯಾರದೋ ಹಾಲು ಬಿಟ್ಟುಹೋಗಿದೆ ಎಂದೇ ಅರ್ಥ.

ಪೆಟ್ಟಿಗೆ ಬಳಸುವ ವಿದ್ಯುತ್ ಬಲು ಕಡಿಮೆ. 5 ವ್ಯಾಟ್ ಎಂದಿಟ್ಟುಕೊಂಡರೆ, 12 ವೋಲ್ಟಿನ 7 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯಿಂದ ಲೆಕ್ಕದ ಪ್ರಕಾರ 16 ಗಂಟೆ ನಡೆಯಬೇಕು. ಅರ್ಧಕ್ಕರ್ಧ ಕಳೆದರೂ 8 ಗಂಟೆ ಖಂಡಿತ. ಒಂದು ಹೊತ್ತಿನ ಹಾಲಿಗೆ ಇದು ಸಾಕು.

ಸಿಮ್ ಕಾರ್ಡಿನ ಬಗ್ಗೆ ಎರಡು ಮಾತು. ಸಿಮ್ ಸಂಘದ ಹೆಸರಿನಲ್ಲಿರಬೇಕು, ಯಾರೊಬ್ಬರ ಸ್ವಂತ ಹೆಸರಿನಲ್ಲಿ ಬೇಡ. ರೀಚಾರ್ಜ್ ದಿನಾಂಕವನ್ನು ಗೋಡೆಯ ಮೇಲೆ ಬರೆದಿಡಿ. ಹಾಗೆಯೇ ಪೆಟ್ಟಿಗೆ ಯಾವ ತಲೆಮಾರಿನ ಮೊಬೈಲ್ ಸೇವೆ ಬಳಸುತ್ತದೆ ಎಂದು ಕೇಳಿಕೊಳ್ಳಿ. 2019ರಿಂದ ಏರ್‌ಟೆಲ್ ಕಂಪನಿ ಒಂದೊಂದೇ ವಲಯದಲ್ಲಿ 3ಜಿ ಸೇವೆಯನ್ನು ನಿಲ್ಲಿಸಿತು. ಹಳೆಯ ಯಂತ್ರಕ್ಕೆಂದು ತಂದ ಗೇಟ್‌ವೇ ತಾನೇ ಹಳತಾಗಿ ಮೂಗನಾಗಬಾರದು.

ಬಾಗಿಲಿಗೆ ಬೀಗ

ನಾಲ್ಕನೆಯದು ಭದ್ರತೆ. ಹಳೆಯ ಯಂತ್ರಗಳು ನಂಬಿಕೆಯ ಕಾಲದವು. ಮಾಡ್‌ಬಸ್ ಪದ್ಧತಿಯಲ್ಲಿ ಮೂಲತಃ ಗುಪ್ತಪದವೇ ಇಲ್ಲ. ಕೇಳಿದವರು ಯಾರು ಎಂದು ಯಂತ್ರ ವಿಚಾರಿಸುವುದಿಲ್ಲ, ಹೇಳಿದ್ದನ್ನು ಮಾಡುತ್ತದೆ. ತಂತಿ ಸಂಘದ ನಾಲ್ಕು ಗೋಡೆಯೊಳಗೆ ಇದ್ದಾಗ ಇದರಿಂದ ತೊಂದರೆಯಿರಲಿಲ್ಲ. ಅದನ್ನು ಬೀಗವಿಲ್ಲದೆ ಅಂತರ್ಜಾಲಕ್ಕೆ ತೆರೆದರೆ, ಎಲ್ಲಿಯೋ ಕುಳಿತವರು ಕೂಲರನ್ನು 4 ಡಿಗ್ರಿಯಿಂದ 14 ಡಿಗ್ರಿಗೆ ತಿರುಗಿಸಬಹುದು. ಬೆಳಗಾಗುವುದರೊಳಗೆ ಊರಿನವರೆಲ್ಲರ ಹಾಲು ಕೆಟ್ಟಿರುತ್ತದೆ.

ಇದು ಬರಿಯ ಹೆದರಿಕೆಯಲ್ಲ. 2016ರಲ್ಲಿ ಮಿರಾಯ್ ಎಂಬ ಕೇಡಿನ ತಂತ್ರಾಂಶ, ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಬದಲಾಯಿಸದೆ ಬಿಟ್ಟಿದ್ದ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷ ಅಕ್ಟೋಬರ್ 21ರಂದು ಅವುಗಳ ಮೂಲಕವೇ ನಡೆದ ದಾಳಿಯಿಂದ ಅಮೆರಿಕದಲ್ಲಿ ಹೆಸರಾಂತ ಅಂತರ್ಜಾಲ ತಾಣಗಳು ಗಂಟೆಗಟ್ಟಲೆ ಸಿಗದಂತಾದವು. ಆ ತಂತ್ರಾಂಶದ ಬಳಿ ಇದ್ದುದು ಅರವತ್ತಕ್ಕೂ ಸ್ವಲ್ಪ ಹೆಚ್ಚು ಮಾಮೂಲಿ ಹೆಸರು-ಗುಪ್ತಪದಗಳ ಪಟ್ಟಿ ಮಾತ್ರ.

ಆದ್ದರಿಂದ ಮೂರು ಕಟ್ಟುಪಾಡು ಇರಲಿ. ಕಾರ್ಖಾನೆಯ ಗುಪ್ತಪದವನ್ನು ಮೊದಲ ದಿನವೇ ಬದಲಿಸಬೇಕು. ಗೇಟ್‌ವೇ ತಾನಾಗಿ ಒಕ್ಕೂಟವನ್ನು ಕರೆಯಬೇಕೇ ಹೊರತು ಹೊರಗಿನವರು ಅದನ್ನು ಕರೆಯುವಂತಿರಬಾರದು. ಕೂಲರಿನ ಅಂಕಿಯನ್ನು ಓದುವ ಅಧಿಕಾರ ಮಾತ್ರ ಅದಕ್ಕಿರಬೇಕು, ಬದಲಿಸುವ ಅಧಿಕಾರ ಬೇಡ.

ಯಾರು ನಡೆಸಬೇಕು?

ಆಡಳಿತ ಮಂಡಳಿ ಒಂದು ಠರಾವು ಮಾಡಿ ಗೇಟ್‌ವೇಗೆ ಒಬ್ಬರನ್ನು ಹೊಣೆಗಾರರನ್ನಾಗಿ, ಇನ್ನೊಬ್ಬರನ್ನು ಬದಲಿಯಾಗಿ ನೇಮಿಸಬೇಕು. ಹತ್ತನೇ ತರಗತಿ ಓದಿದ ಸದಸ್ಯರ ಮಗನೋ ಮಗಳೋ ಒಂದು ದಿನದ ತರಬೇತಿಯಿಂದ ಈ ಕೆಲಸ ಕಲಿಯಬಲ್ಲರು. ದಿನಕ್ಕೆ ಐದು ನಿಮಿಷ ಸಾಕು.

1. ಹಾಲು ಹಿಡಿಯುವ ಮೊದಲು ಪೆಟ್ಟಿಗೆಯ ದೀಪ ಮತ್ತು ಗಡಿಯಾರ ನೋಡುವುದು.

2. ಹಾಲು ಹಿಡಿದಾದ ಮೇಲೆ ಚೀಟಿಗಳ ಒಟ್ಟು ಸಂಖ್ಯೆ, ಒಟ್ಟು ಲೀಟರು ಇವು ಒಕ್ಕೂಟಕ್ಕೆ ಸೇರಿದ ಲೆಕ್ಕದೊಡನೆ ಹೊಂದುತ್ತವೆಯೇ ಎಂದು ನೋಡಿ ವಹಿಯಲ್ಲಿ ಬರೆದು ಸಹಿ ಮಾಡುವುದು.

3. ವಾರಕ್ಕೊಮ್ಮೆ ಕಿಂಡಿಗಳ ತಿರುಪು, ತಂತಿ, ಇಲಿ ಕಡಿದ ಗುರುತು ಪರಿಶೀಲಿಸುವುದು.

4. ತಿಂಗಳಿಗೊಮ್ಮೆ ಪೂರ್ತಿ ಲೆಕ್ಕದ ಒಂದು ಪ್ರತಿಯನ್ನು ತೆಗೆದು ಸಂಘದ ಬೀರುವಿನಲ್ಲಿ ಇಡುವುದು.

5. ಗುಪ್ತಪದವನ್ನು ಬರೆದು ಮೊಹರು ಮಾಡಿದ ಲಕೋಟೆಯಲ್ಲಿ ಅಧ್ಯಕ್ಷರ ವಶದಲ್ಲಿಡುವುದು.

ಕೊನೆಯ ಎರಡು ಅಂಶಗಳಿಗೆ ಒತ್ತು ಕೊಟ್ಟು ಹೇಳುತ್ತೇನೆ. ಯಂತ್ರ ಮಾರಿದವರ ಬಳಿ ಮಾತ್ರ ಗುಪ್ತಪದ, ಅವರ ಕಂಪ್ಯೂಟರಿನಲ್ಲಿ ಮಾತ್ರ ಲೆಕ್ಕ ಎಂದಾದರೆ, ಅವರು ವ್ಯಾಪಾರ ಬಿಟ್ಟ ದಿನ ಸಂಘ ತನ್ನ ಲೆಕ್ಕಕ್ಕೆ ತಾನೇ ಹೊರಗಿನವನಾಗುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಈ ಎರಡನ್ನೂ ಬರಹದಲ್ಲಿ ಪಡೆಯಿರಿ. ಲೆಕ್ಕ ಸಂಘದ್ದು, ಸಂಘ ಸದಸ್ಯರದು.

ಗೇಟ್‌ವೇ ಮಾಡಲಾರದ ಕೆಲಸ

ಗೇಟ್‌ವೇ ಬಂದಿತು, ಇನ್ನು ಮೋಸಕ್ಕೆ ಅವಕಾಶವಿಲ್ಲ ಎಂದು ಕೆಲವರು ಹೇಳುವುದುಂಟು. ಇದು ಪೂರ್ತಿ ಸರಿಯಲ್ಲ. ಪರೀಕ್ಷಾ ಯಂತ್ರವನ್ನು ತೊಳೆಯದೆ, ಹೊಂದಾಣಿಕೆ ಮಾಡಿಸದೆ ಬಿಟ್ಟರೆ ಅದು 4.0 ಜಿಡ್ಡಿನ ಹಾಲಿಗೆ 3.7 ತೋರಿಸಬಹುದು. ಗೇಟ್‌ವೇ ಆ 3.7ನ್ನೇ ನಿಷ್ಠೆಯಿಂದ ಒಕ್ಕೂಟಕ್ಕೆ ಮುಟ್ಟಿಸುತ್ತದೆ. ಸರಿಯಾಗಿ ಕಲಕದೆ ತೆಗೆದ ಮಾದರಿಯನ್ನೂ ಅದು ತಿದ್ದಲಾರದು. ಅದು ದಾರಿಯಲ್ಲಿ ಆಗುವ ತಪ್ಪನ್ನು ತಡೆಯಬಲ್ಲದು, ಅಳತೆಯಲ್ಲಿ ಆದ ತಪ್ಪನ್ನಲ್ಲ.

ಆದ್ದರಿಂದ ತಾಯಂದಿರಲ್ಲಿ, ಬಂಧುಗಳಲ್ಲಿ ನನ್ನ ವಿನಂತಿ: ಚೀಟಿಯನ್ನು ಅಲ್ಲಿಯೇ ಎಸೆದು ಬರಬೇಡಿ. ಮೊಬೈಲಿಗೆ ಸಂದೇಶ ಬರುತ್ತದಲ್ಲ ಎಂದೂ ಸುಮ್ಮನಿರಬೇಡಿ. ಮೊಬೈಲಿಗೆ ಬರುವುದು ಗೇಟ್‌ವೇ ದಾಟಿದ ಅಂಕಿ. ಚೀಟಿಯಲ್ಲಿರುವುದು ದಾಟುವ ಮೊದಲಿನ ಅಂಕಿ. ಎರಡೂ ತಮ್ಮ ಕೈಯಲ್ಲಿದ್ದರೆ ಮಾತ್ರ ದಾರಿ ಸರಿಯಿದೆಯೇ ಎಂದು ತಿಳಿಯಲು ಸಾಧ್ಯ. ಬಟವಾಡೆ ಮುಗಿಯುವವರೆಗೆ ಚೀಟಿಗಳನ್ನು ಒಂದು ತಂತಿಗೆ ಪೋಣಿಸಿಡಿ. ವ್ಯತ್ಯಾಸ ಕಂಡರೆ ಕಾರ್ಯದರ್ಶಿಯವರನ್ನು ಕೇಳಿ. ಉತ್ತರ ಸಿಗದಿದ್ದರೆ ವಿಸ್ತರಣಾಧಿಕಾರಿಗಳಿಗೆ ಬರೆದುಕೊಡಿ. ಕೇಳುವುದು ಜಗಳವಲ್ಲ, ಸದಸ್ಯರ ಹಕ್ಕು.

ಕಾರ್ಯದರ್ಶಿ ಮಿತ್ರರಿಗೂ ಒಂದು ಮಾತು. ಸದಸ್ಯರು ಚೀಟಿ ಹಿಡಿದು ಬಂದಾಗ ಕಂಪ್ಯೂಟರಿನಲ್ಲಿ ಹೀಗೆಯೇ ಇದೆ ಎಂದು ಕಳಿಸಬೇಡಿ. ಕ್ರಮಸಂಖ್ಯೆ ತೆಗೆದು, ಸಂಘದಲ್ಲಿರುವ ಪ್ರತಿ ಮತ್ತು ಒಕ್ಕೂಟದ ಪ್ರತಿ ಎರಡನ್ನೂ ತೋರಿಸಿ. ಆ ಹತ್ತು ನಿಮಿಷದಿಂದ ಗಳಿಸುವ ವಿಶ್ವಾಸ ಯಾವ ಯಂತ್ರದಿಂದಲೂ ಬರುವುದಿಲ್ಲ.

ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ತಮ್ಮ ಸಂಘದ ಗೇಟ್‌ವೇಗೆ ಹೊಣೆಗಾರರು ಯಾರು ಎಂಬ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿರಿ.